ಒಂಬತ್ತನೆಯ ಹೂವು

ಫೆಬ್ರವರಿ 9

ಚಿಕ್ಕವಳೇ,

ನಾನು ಕ್ಷೇಮ. ನಿನ್ನ ಕ್ಷೇಮ ವಿಚಾರಿಸಲು ಬರೆದ ಕಾಗದ ಇದಲ್ಲ, ಆದ್ದರಿಂದ ಗಾಬರಿಯಾಗಬೇಡ.

ಇದರ ಜೊತೆಗೇ ಒಂದು ಮರದ ಪೆಟ್ಟಿಗೆ ಬರುತ್ತದೆ. ಒಳಗೆ ಹುಲ್ಲು, ಹುಲ್ಲಿನೊಳಗೆ ನಮ್ಮ ಹೂದಾನಿ. ಕೆಲಸದ ಮನೆಗೆ ಸುಣ್ಣ ಬಳಿಸುವಾಗ ಏಣಿ ಜಾರಿ ಅದರ ಕತ್ತಿಗೆ ತಗುಲಿತು. ಬಾಯಿಯ ಅಂಚಿನಿಂದ ಎರಡು ಚೂರು ಎದ್ದಿವೆ, ಕತ್ತಿನಿಂದ ಭುಜದವರೆಗೆ ಒಂದು ಬಿರುಕು ಇಳಿದಿದೆ. ಚೂರುಗಳನ್ನು ಬೇರೆ ಬಟ್ಟೆಯಲ್ಲಿ ಕಟ್ಟಿದ್ದೇನೆ.

ನಿನಗೆ ಕಳಿಸಬೇಕೆಂದು ನನಗೇನೂ ಆಸೆಯಿರಲಿಲ್ಲ. ಹೊಗೆ ಚಿಕ್ಕಪ್ಪ ಹಟ ಹಿಡಿದ. ಮಡಕೆ ಸುಡುವ ಭಟ್ಟಿಯ ಮುಂದೆ ಕೂತು ಕೂತು ಅವನ ತಲೆಯೊಳಗೂ ಹೊಗೆಯೇ ತುಂಬಿದೆ. "ಹಳೇ ಮಣ್ಣಿನ ಸಾಮಾನು ಜೋಡಿಸೋದೇ ನಮ್ಮ ಹುಡುಗಿ ಕೆಲ್ಸ. ಮನೇಲಿ ವೈದ್ಯನ್ನ ಇಟ್ಕೊಂಡು ಬೀದೀಲಿ ಮದ್ದು ಹುಡುಕ್ತಾರಾ?" ಎಂದ. "ಅವಳು ಮನೇಲಿ ಎಲ್ಲಿದಾಳೆ?" ಎಂದೆ. ಅದನ್ನು ಕಿವಿಗೇ ಹಾಕಿಕೊಳ್ಳದೆ ಪೆಟ್ಟಿಗೆಗೆ ಮೊಳೆ ಹೊಡೆದೇಬಿಟ್ಟ.

ಕತ್ತು ಜೋಡಿಸು. ಅಂಚು ಕೂಡಿಸು. ಹೊಟ್ಟೆಯ ಮೇಲಿನ ಚಿತ್ತಾರಕ್ಕೆ ಕೈ ಹಚ್ಚಬೇಡ. ನಿಮ್ಮ ವಸ್ತುಸಂಗ್ರಹಾಲಯದವರಿಗೆ ಅದು ಒಂದು ಹಳೆಯ ಸಾಮಾನು. ನಮ್ಮ ಮನೆಯಲ್ಲಿ ಕುಂಚ ಹಿಡಿದವರೆಲ್ಲ ಮೊದಲ ದಿನ ಅದರ ಮೇಲೆ ಒಂದು ಹೂ ಬರೆದು ಆಮೇಲೆ ಕೆಲಸಕ್ಕೆ ಕೂತವರು. ಮುತ್ತಜ್ಜಿಯ ಅತ್ತೆಯಿಂದ ಶುರುವಾಗಿ ನನ್ನವರೆಗೆ ಎಂಟು ಜನ, ಎಂಟು ಹೂ. ನಿನಗೆ ಮರೆತಿರಬಹುದೆಂದು ಬರೆದೆ.

ಫೋನ್ ಮಾಡಬೇಡ. ಕಳೆದ ಸಲ ಇಬ್ಬರೂ ಒಟ್ಟಿಗೇ ಕೂಗಿ ಇಬ್ಬರಿಗೂ ಏನೂ ಕೇಳಿಸಲಿಲ್ಲ.

ಇಷ್ಟೇ,
ಅಕ್ಕ


ಫೆಬ್ರವರಿ 20

ಅಕ್ಕ,

ವಸ್ತು ತಲುಪಿದೆ. ದಾಖಲೆಯಲ್ಲಿ ಹೀಗೆ ಬರೆದುಕೊಂಡಿದ್ದೇನೆ: ಸುಟ್ಟ ಮಣ್ಣಿನ ಹೂದಾನಿ, ಎತ್ತರ ಒಂದೂವರೆ ಅಡಿ, ಕೆಂಪು ಮಣ್ಣಿನ ಲೇಪದ ಮೇಲೆ ಗೋಂದು ಬೆರೆಸಿದ ಬಣ್ಣಗಳಲ್ಲಿ ಹೂವಿನ ಚಿತ್ತಾರ, ವಯಸ್ಸು ನೂರೈವತ್ತು ವರ್ಷಕ್ಕೆ ಕಡಿಮೆಯಿಲ್ಲ. ಕತ್ತಿನಲ್ಲಿ ಬಿರುಕು. ಅಂಚಿನ ಚೂರುಗಳು ಎರಡು, ಎರಡೂ ಇವೆ.

ನಮ್ಮ ಮೇಲಧಿಕಾರಿ ಅದನ್ನು ನೋಡಿ ಗಾಜಿನೊಳಗೆ ಇಡಬೇಕಾದ್ದು ಎಂದರು. ಚೀಟಿಯಲ್ಲಿ ಮಾಡಿದವರ ಹೆಸರು ಏನೆಂದು ಬರೆಯುತ್ತೀರಿ ಎಂದು ಕೇಳಿದೆ. "ಅಜ್ಞಾತ ಕುಶಲಕರ್ಮಿಗಳು ಅಂತ ಬರೆದ್ರಾಯ್ತು" ಎಂದರು. ಅವರಲ್ಲಿ ಒಬ್ಬಳು ನನಗೆ ಗೊತ್ತು, ಕ್ಷೇಮ ಕೇಳದೆ ಕಾಗದ ಬರೆಯುತ್ತಾಳೆ ಎಂದು ಹೇಳಬೇಕೆನಿಸಿತು. ನಿನ್ನ ಕಾಗದ ಓದಲು ಹೂದಾನಿ ಪರೀಕ್ಷಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಈಗಲೂ ಹಸಿ ಮಸಿಯ ಮೇಲೇ ಎಡಗೈ ಎಳೆದುಕೊಂಡು ಹೋಗುತ್ತೀಯ.

ಎಂಟು ಹೂ ಎಂದು ನೆನಪಿಸಿದ್ದೀಯ. ನನಗೆ ಎಣಿಸಲು ಬರುತ್ತದೆ. ಒಂಬತ್ತನೆಯದನ್ನು ನಾನು ಹದಿನೇಳನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಬರೆದಿದ್ದೆ. ಸಂಜೆ ಬಂದು ನೋಡಿದರೆ ಆ ಜಾಗದಲ್ಲಿ ಒಂದು ಎಲೆಗೊಂಚಲಿತ್ತು. ಅಮ್ಮ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮೇಲೆ ಎಲೆ ಬರೆದಿದ್ದಳು. "ನಿನ್ನ ಕೈ ಇದಕ್ಕಲ್ಲ, ಓದೋಕೆ ಹೋಗು" ಎಂದಳು. ಓದಲು ಹೋದೆ.

ಈಗ ಬರೆಯಲು ಕಾರಣವಿದೆ. ಇಲ್ಲಿ ಹಳೆಯ ವಸ್ತುಗಳನ್ನು ಒಂದು ವಿಶೇಷ ದೀಪದ ಕೆಳಗಿಟ್ಟು ನೋಡುತ್ತೇವೆ. ಆ ಬೆಳಕಿನಲ್ಲಿ ಎಲೆಗೊಂಚಲಿನ ಕೆಳಗೆ ಏನೋ ಹೊಳೆಯುತ್ತಿದೆ. ಒರೆಸಿದ ಜಾಗ ಹಾಗೆ ಹೊಳೆಯುವುದಿಲ್ಲ. ಎಲೆಗಳನ್ನು ತೆಗೆದು ನೋಡಲು ಒಡತಿಯ ಒಪ್ಪಿಗೆ ಬೇಕು. ಒಡತಿ ನೀನು. ಕೇಳುತ್ತಿದ್ದೇನೆ.

ಉತ್ತರಕ್ಕೆ ಕಾಯುತ್ತಾ,
ತಂಗಿ


ಫೆಬ್ರವರಿ 27

ಚಿಕ್ಕವಳೇ,

ಮುಟ್ಟಬೇಡ ಅಂದರೆ ಮುಟ್ಟಬೇಡ. ಇದರಲ್ಲಿ ನಿನಗೆ ಅರ್ಥವಾಗದ ಮಾತು ಯಾವುದು?

ಅಮ್ಮ ಮುಚ್ಚಿದ್ದನ್ನು ಅಮ್ಮ ಸತ್ತ ಮೇಲೆ ತೆರೆಯುತ್ತೀಯಾ? ಎರಡು ವರ್ಷದ ಹಿಂದೆ ಹದಿನೇಳು ದಿನ ಹಾಸಿಗೆ ಹಿಡಿದಿದ್ದಳು. "ಅಮ್ಮನಿಗೆ ಹುಷಾರಿಲ್ಲ, ಬಾ" ಎಂದು ನಾನು ಎರಡು ಸಲ ಬರೆದೆ. "ರಜೆ ಇಲ್ಲ" ಎಂದು ನೀನು ಒಂದು ಸಲ ಬರೆದೆ. ಬದುಕಿದ್ದ ಅಮ್ಮನನ್ನು ನೋಡಲು ಬಾರದವಳಿಗೆ ಸತ್ತ ಅಮ್ಮನ ಎಲೆಗಳ ಮೇಲೆ ಇದೆಂಥ ಅಕ್ಕರೆ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಿನ್ನ ಕೈಯಲ್ಲಿ ದೊಣ್ಣೆಯ ಬದಲು ಹತ್ತಿ ಇದೆ, ಅಷ್ಟೇ ವ್ಯತ್ಯಾಸ. ಕತ್ತು ಜೋಡಿಸಿ ಪೆಟ್ಟಿಗೆ ವಾಪಸು ಕಳಿಸು. ಆಗದಿದ್ದರೆ ಒಡೆದದ್ದನ್ನು ಹಾಗೇ ಕಳಿಸು. ಒಡಕು ಮಡಕೆಯ ಜೊತೆ ಬದುಕುವುದು ನಮಗೆ ಹೊಸದಲ್ಲ.

ಒಡತಿ,
ಅಕ್ಕ


ಮಾರ್ಚ್ 16

ಅಕ್ಕ,

ತೆಗೆದೆ.

ನೀನು ಕೂಗುವುದೆಲ್ಲ ಕೂಗಿ ಮುಗಿಸು, ಆಮೇಲೆ ಮುಂದೆ ಓದು. ಹದಿನೆಂಟು ವರ್ಷದ ಕೆಲಸದಲ್ಲಿ ಒಡೆಯರ ಮಾತು ಮೀರಿದ್ದು ಇದೇ ಮೊದಲು. ಮೊದಲು ಎಲೆಗಳ ಪಟ ತೆಗೆದುಕೊಂಡೆ, ಆಮೇಲೆ ಕಡ್ಡಿಗೆ ಹತ್ತಿ ಸುತ್ತಿ, ಒದ್ದೆ ಮಾಡಿ, ಒಂದೊಂದೇ ಎಲೆಯನ್ನು ಒರೆಸಿ ತೆಗೆದೆ. ಆರು ದಿನ ಹಿಡಿಯಿತು.

ನನ್ನ ಹೂ ಅಲ್ಲೇ ಇದೆ. ಒಂದು ದಳವೂ ಹಾಳಾಗಿಲ್ಲ. ಎಲೆಗೂ ಹೂವಿಗೂ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಲೇಪವಿದೆ. ಅದು ಏನೆಂದು ತಿಳಿಯಲು ಚೂರು ಕೆರೆದು ಪರೀಕ್ಷೆಗೆ ಕಳಿಸಿದ್ದೇನೆ. ಯಾಕೆ ಬಳಿದಿದ್ದಾರೆಂದು ತಿಳಿಯಲು ಪರೀಕ್ಷೆ ಬೇಕಿಲ್ಲ. ಮೇಲಿನ ಎಲೆ ಒರೆಸಿದರೆ ಕೆಳಗಿನ ಹೂ ಉಳಿಯಲಿ ಎಂದೇ ಅದನ್ನು ಬಳಿದಿರುವುದು. ನಮ್ಮ ಕೆಲಸದಲ್ಲಿ ಇದನ್ನು ಮೊದಲ ವರ್ಷವೇ ಕಲಿಸುತ್ತಾರೆ.

ಅಂದರೆ ಅಮ್ಮ ಅದನ್ನು ಒರೆಸಿರಲಿಲ್ಲ. ಜೋಪಾನವಾಗಿ ಮುಚ್ಚಿಟ್ಟಿದ್ದಳು. ಹಾಗಿದ್ದರೆ ನನಗೆ ಯಾಕೆ ಹೇಳಲಿಲ್ಲ? ಇಪ್ಪತ್ತೆರಡು ವರ್ಷ ನಾನು ಮಡಿಲಲ್ಲಿ ಕೆಂಡ ಕಟ್ಟಿಕೊಂಡು ತಿರುಗಿದೆ. ನನ್ನ ಕೈಯನ್ನು ನಾನೇ ನಂಬದೆ ಬದುಕಿದೆ. ಬೇರೆಯವರು ಬರೆದದ್ದನ್ನು ಜೋಪಾನ ಮಾಡುವ ಕೆಲಸ ಹಿಡಿದೆ, ಸ್ವಂತಕ್ಕೆ ಒಂದು ಗೆರೆ ಎಳೆಯಲಿಲ್ಲ. ಅಮ್ಮ ಬದುಕಿದ್ದಿದ್ದರೆ ಈಗಲೇ ಬಸ್ಸು ಹತ್ತಿ ಬಂದು ಅವಳ ಭುಜ ಹಿಡಿದು ಅಲುಗಿಸುತ್ತಿದ್ದೆ.

ನೀನು ದಿನವೂ ಅವಳ ಪಕ್ಕದಲ್ಲೇ ಕೂತವಳು. ನಿನಗೆ ಏನಾದರೂ ಹೇಳಿದ್ದಳಾ? ಇಷ್ಟಕ್ಕೆ ಮಾತ್ರ ಉತ್ತರ ಕೊಡು.

ತಂಗಿ


ಮಾರ್ಚ್ 23

ಚಿಕ್ಕವಳೇ,

ಮಾತು ಮೀರಿದ್ದೀಯ. ಇನ್ನು ನಿನಗೆ ಹೇಳಿ ಏನು ಪ್ರಯೋಜನ.

ಅಮ್ಮ ಏನೂ ಹೇಳಲಿಲ್ಲ. ಅವಳು ಯಾರಿಗೂ ಏನೂ ಹೇಳುವವಳಲ್ಲ ಎಂಬುದು ನಿನಗೂ ಗೊತ್ತು. ಅದು ಬರೀ ಅರಗಿನ ವಾರ್ನಿಶ್ಶು, ಮಧ್ಯಾಹ್ನ ಬಳಿದರೆ ಗಳಿಗೆಯಲ್ಲಿ ಒಣಗುತ್ತದೆ. ಅದಕ್ಕೆ ಪರೀಕ್ಷೆ, ಪಟ ಎಂದು ಊರೆಲ್ಲ ಡಂಗುರ ಹೊಡೆಯಬೇಕಾಗಿಲ್ಲ. ಹೂ ಸಿಕ್ಕಿತಲ್ಲ, ಸಂತೋಷಪಡು. ಹಳೆಯದನ್ನೆಲ್ಲ ಕೆದಕಬೇಡ. ಸತ್ತವರನ್ನು ಸುಮ್ಮನೆ ಇರಲು ಬಿಡು.

ಹೂದಾನಿ ಕಳಿಸು.

ಅಕ್ಕ


ಏಪ್ರಿಲ್ 11

ಅಕ್ಕ,

ಪರೀಕ್ಷೆಯ ವರದಿ ನಿನ್ನೆ ಬಂತು. ಅರಗಿನ ವಾರ್ನಿಶ್ ಎಂದಿದೆ.

ನಾನು "ತೆಳುವಾದ ಒಂದು ಲೇಪ" ಎಂದಷ್ಟೇ ಬರೆದಿದ್ದೆ. ನೀನು ವರದಿಗಿಂತ ಹದಿನೆಂಟು ದಿನ ಮುಂಚೆ ಅದರ ಹೆಸರು ಹೇಳಿದೆ. ಬಳಿದದ್ದು ಮಧ್ಯಾಹ್ನ ಎಂಬುದನ್ನೂ ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅದೂ ನಾನು ಕಳ್ಳ ಎಂದಿರಲೇ ಇಲ್ಲ.

ಅಮ್ಮ ಅರಗು ಮುಟ್ಟುತ್ತಿರಲಿಲ್ಲ. ಅದರ ವಾಸನೆಗೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಡಬ್ಬಿ ತೆರೆದರೆ ಸೆರಗು ಮುಚ್ಚಿಕೊಂಡು ಹೊರಗೆ ಹೋಗಿ ನಿಲ್ಲುತ್ತಿದ್ದಳು. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಒರೆಸುವ ಮೊದಲು ತೆಗೆದ ಪಟಗಳನ್ನು ಇವತ್ತು ಭೂತಗನ್ನಡಿ ಹಿಡಿದು ನೋಡಿದೆ. ಕುಂಚ ಊರಿದ ಕಡೆ ಬಣ್ಣ ದಪ್ಪಗಿರುತ್ತದೆ, ಎತ್ತಿದ ಕಡೆ ತೆಳುವಾಗುತ್ತದೆ. ನೀನೇ ನನಗೆ ಕಲಿಸಿದ್ದು. ಆ ಎಲೆಗಳ ನರಗಳೆಲ್ಲ ಬಲದಿಂದ ಎಡಕ್ಕೆ ಎಳೆದವು. ಇಪ್ಪತ್ತಮೂರು ಗೆರೆಗಳಲ್ಲಿ ಒಂದೂ ತಪ್ಪಿಲ್ಲ. ಅಮ್ಮ ಬಲಗೈಯವಳು. ಚಿಕ್ಕಪ್ಪ ಭಟ್ಟಿ ಬಿಟ್ಟು ಬಣ್ಣದ ಬಟ್ಟಲ ಹತ್ತಿರ ಬಂದವನಲ್ಲ. ಆ ಮನೆಯಲ್ಲಿ ಎಡಗೈಯವರು ಒಬ್ಬರೇ ಇದ್ದದ್ದು. ಅವರ ಮಸಿ ಬಳಿದ ಕಾಗದ ಈಗಲೂ ನನ್ನ ಮೇಜಿನ ಮೇಲಿದೆ.

ಅಮ್ಮನ ಮುಖ ನೋಡದೆ ಅವಳನ್ನು ಕಳಿಸಿಕೊಟ್ಟೆ, ಅಕ್ಕ. ಮಾಡದ ತಪ್ಪಿಗೆ ಅವಳ ಮೇಲೆ ಸಿಟ್ಟು ಮಾಡಿಕೊಂಡು ಇಪ್ಪತ್ತು ವರ್ಷ ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ನೀನು ಅದನ್ನೆಲ್ಲ ಪಕ್ಕದಲ್ಲಿ ಕೂತು ನೋಡಿದೆ.

ಬರೆ. ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ನೇರವಾಗಿ ಬರೆ.

ತಂಗಿ ಎಂದು ಸಹಿ ಹಾಕಲು ಇವತ್ತು ಮನಸ್ಸಿಲ್ಲ.


ಮೇ 30

ಏಳು ವಾರವಾಯಿತು. ಈ ನಡುವೆ ಇನ್ನೆರಡು ಕಾಗದ ಹಾಕಿದೆ. ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಅವಳಿಗೇನು, ಗುಂಡುಕಲ್ಲಿನ ಹಾಗಿದಾಳೆ, ಮೂರು ಹೊತ್ತೂ ಎಲ್ಲರ ಮೇಲೂ ರೇಗ್ತಾಳೆ" ಎಂದ.

ಹೂದಾನಿಯ ಕತ್ತು ಎಂದೋ ಜೋಡಿಸಿಯಾಗಿದೆ. ನಿನ್ನ ಉತ್ತರ ಬರುವವರೆಗೆ ಅದು ಇಲ್ಲಿಂದ ಕದಲುವುದಿಲ್ಲ.


ಜೂನ್ 18

ಚಿಕ್ಕವಳೇ,

ಹೌದು. ನಾನೇ. ಈಗ ಸಮಾಧಾನವಾಯಿತೇ?

ನೇರವಾಗಿ ಬರೆ ಎಂದೆಯಲ್ಲ, ಓದು. ನಾನು ಹದಿನಾರನೆಯ ವಯಸ್ಸಿಗೆ ನನ್ನ ಹೂ ಬರೆದಾಗ ಅಮ್ಮ ಬಗ್ಗಿ ನೋಡಿ "ಸರಿಯಾಗಿದೆ" ಎಂದಳು. ಆ ಒಂದು ಮಾತಿನ ಮೇಲೆ ಐದು ವರ್ಷ ದುಡಿದೆ. ಆಮೇಲೆ ನೀನು ಹೂ ಬರೆಯಲು ಬಂದೆ. ದಳವನ್ನು ಹೊರಗಿನಿಂದ ಒಳಕ್ಕೆ ಎಳೆಯಬೇಕೆಂದು ಸಾವಿರ ಸಲ ಹೇಳಿಕೊಟ್ಟಿದ್ದೆ. ನೀನು ಒಳಗಿನಿಂದ ಹೊರಕ್ಕೆ ಎಳೆದೆ. ಎಲ್ಲ ತಪ್ಪು. ಬರೆದು ಕುಣಿದುಕೊಂಡು ಎಲ್ಲೋ ಹೋದೆ. ಅಮ್ಮ ಅದನ್ನು ಎಷ್ಟು ಹೊತ್ತು ನೋಡಿದಳು ಗೊತ್ತೇ? ಕೈಯ ಬಟ್ಟಲು ಕೆಳಗಿಟ್ಟು ನೋಡಿದಳು. "ನೋಡೇ, ಇದರಲ್ಲಿ ಗಾಳಿ ಆಡ್ತಿದೆ" ಎಂದಳು. ನನಗೇ ಹೇಳಿದಳು, ಬೇರೆ ಯಾರೂ ಅಲ್ಲಿರಲಿಲ್ಲ.

ಹೊಟ್ಟೆಕಿಚ್ಚು ಎಂದು ನೀನು ಬರೆಯುವ ಮೊದಲು ನಾನೇ ಬರೆಯುತ್ತೇನೆ. ಹೊಟ್ಟೆಕಿಚ್ಚೇ.

ಮಧ್ಯಾಹ್ನ ಎಲ್ಲರೂ ಭಟ್ಟಿಯಿಂದ ಸುಟ್ಟ ಮಡಕೆ ತೆಗೆಯಲು ಹೋದರು. ನಾನು ಒದ್ದೆ ಬಟ್ಟೆ ತಂದು ನಿಂತೆ. ಒರೆಸಲು ಕೈ ಏಳಲಿಲ್ಲ. ಅಷ್ಟು ಚೆನ್ನಾಗಿತ್ತು, ಹಾಳಾದ್ದು. ಅದಕ್ಕೇ ಅರಗು ಬಳಿದೆ, ಒಣಗಿದ ಮೇಲೆ ಎಲೆ ಬರೆದೆ. ನಾಲ್ಕು ದಿನ ಬಿಟ್ಟು ನಾನೇ ತೆಗೆಯೋಣ, ಅಷ್ಟರಲ್ಲಿ ನಿನಗೆ ಸ್ವಲ್ಪ ಬುದ್ಧಿ ಬಂದಿರುತ್ತದೆ ಎಂದುಕೊಂಡೆ. ನಂಬಿದರೆ ನಂಬು.

ಅಮ್ಮ ಮಸಿ ಮೆತ್ತಿದ ಕೈಯಲ್ಲೇ ಒಳಗೆ ಬಂದಳು. ಮೂಗಿಗೆ ಸೆರಗು ಹಿಡಿದಳು. ಹೂದಾನಿ ನೋಡಿದಳು, ಆಮೇಲೆ ನನ್ನ ಎಡಗೈ ಉಗುರುಗಳಲ್ಲಿದ್ದ ಹಸಿರನ್ನು ನೋಡಿದಳು. ಅಷ್ಟರಲ್ಲಿ ನೀನು ಬಂದು "ಯಾರು ಮುಚ್ಚಿದ್ದು?" ಎಂದು ಕಿರುಚಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ "ನಾನೇ ಮುಚ್ಚಿದ್ದು" ಎಂದಳು.

ಅವಳು ನನ್ನನ್ನು ಉಳಿಸಿದಳೋ, ನಿನ್ನನ್ನು ಆ ಮಣ್ಣು ಹೊಗೆಯಿಂದ ಬಿಡಿಸಿ ಓದಲು ಅಟ್ಟಿದಳೋ, ಇವತ್ತಿಗೂ ನನಗೆ ತಿಳಿಯದು. ಒಂದು ಮಾತು ಬೈಯಲಿಲ್ಲ. ಮಾರನೆಯ ದಿನ ಹೂವಿನ ಬಣ್ಣಗಳನ್ನೆಲ್ಲ ನನ್ನ ಮುಂದಿನಿಂದ ಎತ್ತಿ ಹಸಿರು ಬಟ್ಟಲು ಇಟ್ಟಳು. "ಎಲೆ ನೀನು ಚೆನ್ನಾಗಿ ಬರೀತೀಯ" ಎಂದಳು. ಅಲ್ಲಿಂದ ಅವಳು ಸಾಯುವವರೆಗೆ ಇಪ್ಪತ್ತು ವರ್ಷ ನಾನು ಎಲೆ ಮಾತ್ರ ಬರೆದೆ. ಹೂ ಬರೆಯಲು ಕೂಲಿಗೆ ಜನ ಕರೆಸಿದಳು. ಎರಡು ಹೊಡೆದಿದ್ದರೆ ಎಷ್ಟೋ ಮೇಲಿತ್ತು. ಆ ಎಲೆಗೊಂಚಲನ್ನು ತೆಗೆಯಲು ಆಮೇಲೆ ನನಗೆ ಧೈರ್ಯ ಬರಲಿಲ್ಲ. ತೆಗೆ ಎಂದು ಅವಳೂ ಹೇಳಲಿಲ್ಲ.

ಕೊನೆಯ ದಿನಗಳಲ್ಲಿ "ಚಿಕ್ಕವಳು ಬಂದಳಾ?" ಎಂದು ಕೇಳುತ್ತಿದ್ದಳು. "ನಾನೇ ಮುಚ್ಚಿದ್ದು" ಎಂದು ನಿನಗೆ ಬರೆದಿದ್ದರೆ ಬರುತ್ತಿದ್ದೆ. ನಾನು "ಹುಷಾರಿಲ್ಲ, ಬಾ" ಎಂದು ಬರೆದೆ. ಅದೂ ನನಗೆ ಗೊತ್ತು. ನೀನು ತಿಳಿಸಿಕೊಡಬೇಕಾಗಿಲ್ಲ.

ನನಗೂ ಸಿಟ್ಟಿದೆ. ನಿನಗೆ ಇಲ್ಲ ಎಂದರು, ನೀನು ಹೊರಗೆ ಹೋಗಿ ಪ್ರಪಂಚ ನೋಡಿದೆ. ನನಗೆ ಸರಿಯಾಗಿದೆ ಎಂದರು, ನಾನು ಇಲ್ಲೇ ಕೂತೆ. ಕ್ಷಮಿಸು ಎಂದು ಬರೆಯಲು ಕೂತು ಇಷ್ಟೆಲ್ಲ ಬರೆದೆ. ಆ ಮಾತು ಹೇಗೆ ಬರೆಯಬೇಕೆಂದು ನನಗೆ ಬರುತ್ತಿಲ್ಲ.

ಅಕ್ಕ


ಜುಲೈ 24

ಅಕ್ಕ,

ನಿನ್ನ ಕಾಗದ ಓದಿ ಹರಿದು ಹಾಕಿದೆ. ಆಮೇಲೆ, ಏನು ಮಾಡಲಿ, ಕೆಲಸದ ಅಭ್ಯಾಸ. ಚೂರುಗಳನ್ನು ಮೇಜಿನ ಮೇಲೆ ಜೋಡಿಸಿಕೊಂಡು ಮತ್ತೆ ಓದಿದೆ.

ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸಿದ್ದೇನೆ ಎಂದು ಬರೆದರೆ ಅದು ಇನ್ನೊಂದು ಎಲೆ ಬರೆದಂತೆ, ಅಷ್ಟೇ. ಒಂದು ತಿಂಗಳಿನಿಂದ ನಿನಗೆ ಹೇಳಬೇಕಾದ ಬೈಗುಳಗಳನ್ನೆಲ್ಲ ಪಾತ್ರೆ ತೊಳೆಯುತ್ತಾ ಬಾಯಿಪಾಠ ಮಾಡುತ್ತಿದ್ದೇನೆ. ಎರಡು ತಟ್ಟೆ ಒಡೆದವು.

ನನ್ನದೂ ಒಂದಿದೆ, ಕೇಳು. ಅಮ್ಮ ಹಾಸಿಗೆ ಹಿಡಿದಾಗ ರಜೆ ಸಿಕ್ಕಿತ್ತು. ನಾಲ್ಕು ದಿನ. ಆ ನಾಲ್ಕು ದಿನವೂ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟುಕೊಂಡು ಮನೆಯಲ್ಲೇ ಕೂತಿದ್ದೆ. ಅವಳೇ ಕರೆಯಲಿ ಎಂದುಕೊಂಡೆ. ಹಾಗೆ ಕೂರುವಂತೆ ಮಾಡಿದವಳು ನೀನು. ಕೂತವಳು ನಾನು. ಇದನ್ನು ಯಾವ ಹತ್ತಿಯೂ ಒರೆಸುವುದಿಲ್ಲ.

ಹೂದಾನಿ ಈ ಕಾಗದದ ಜೊತೆ ಬರುತ್ತಿದೆ. ಕತ್ತು ಗಟ್ಟಿಯಾಗಿದೆ. ಬಿರುಕು ಹತ್ತಿರದಿಂದ ನೋಡಿದರೆ ಕಾಣುತ್ತದೆ, ಕಾಣಲೆಂದೇ ಬಿಟ್ಟಿದ್ದೇನೆ. ಗಾಜಿನೊಳಗೆ ಇಡುವ ಮಾತಿಗೆ ಒಡತಿ ಒಪ್ಪಲಿಲ್ಲ ಎಂದು ಮೇಲಧಿಕಾರಿಗೆ ಹೇಳಿದೆ. ನಿನ್ನನ್ನು ಕೇಳಲಿಲ್ಲ, ನಿನ್ನ ಉತ್ತರ ಗೊತ್ತಿತ್ತು. ನನ್ನ ಹೂ ತೆರೆದೇ ಇದೆ, ಹಾಗೆಯೇ ಇರುತ್ತದೆ.

ಇನ್ನೊಂದು ಕೆಲಸ ಮಾಡಿದ್ದೇನೆ. ಸಂಗ್ರಹಾಲಯದಲ್ಲಿ ಮಾಡಿದ್ದರೆ ಕೆಲಸದಿಂದ ತೆಗೆಯುತ್ತಿದ್ದರು, ಅದಕ್ಕೇ ಸಹಿ ಹಾಕಿ ಹೂದಾನಿಯನ್ನು ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಮಾಡಿದೆ. ನಿನ್ನ ಹೂವಿಗೆ ಅರಗು ಬಳಿದು, ಒಣಗಿದ ಮೇಲೆ ಎಲೆ ಬರೆದಿದ್ದೇನೆ. ನನ್ನ ಹೂ ಬರೆದ ಮೇಲೆ ಕುಂಚ ಹಿಡಿದದ್ದು ಇದೇ ಮೊದಲು. ಕೆಳಗೆ ಹೂವಿಗೆ ಏನೂ ಆಗಿಲ್ಲ. ಆದರೆ ಕಾಣುವುದಿಲ್ಲ. ಇಪ್ಪತ್ತೆರಡು ವರ್ಷ ದಿನವೂ ಅದರ ಮುಂದೆ ಕೂತು ಕೆಲಸ ಮಾಡು. ಆಮೇಲೆ ನಾನೇ ಬಂದು ಒರೆಸುತ್ತೇನೆ. ಅಲ್ಲಿಯವರೆಗೆ ಒದ್ದೆ ಬಟ್ಟೆ ಹತ್ತಿರ ತರಬೇಡ.

ತಂಗಿ


ಆಗಸ್ಟ್ 6

ಚಿಕ್ಕವಳೇ,

ಪೆಟ್ಟಿಗೆ ಬಂತು. ಕತ್ತು ಗಟ್ಟಿಯಾಗಿದೆ. ನಿನ್ನ ಕೆಲಸ ನಿನಗೆ ಬರುತ್ತದೆ, ಒಪ್ಪಿದೆ.

ಎಲೆಗಳನ್ನು ನೋಡಿದೆ. ಮೂರನೆಯದರ ನರ ದಪ್ಪವಾಯಿತು, ತೊಟ್ಟಿನ ಹತ್ತಿರ ಗೆರೆ ಸೊಟ್ಟಗಾಗಿದೆ. ಉಳಿದದ್ದು ಸರಿಯಾಗಿದೆ. ಆ ಮಾತಿನ ಬೆಲೆ ನಮ್ಮ ಮನೆಯಲ್ಲಿ ಎಷ್ಟೆಂದು ಈಗ ನಿನಗೂ ಗೊತ್ತು.

ಇಪ್ಪತ್ತೆರಡು ವರ್ಷ ಕಳೆದರೆ ನನಗೆ ಅರವತ್ತೈದು. ಅಷ್ಟು ಹೊತ್ತಿಗೆ ನಿನ್ನ ಬೈಗುಳ ನನ್ನ ಕಿವಿಗೆ ಬೀಳುತ್ತದೋ ಇಲ್ಲವೋ. ಬಾಯಿಪಾಠ ಮಾಡಿದ್ದು ಮರೆಯುವ ಮೊದಲು ಬಂದು ಬೈದುಹೋಗು. ಅದಕ್ಕೆ ಎಲೆ ಒರೆಸಬೇಕೆಂದೇನೂ ಇಲ್ಲ.

ಪೆಟ್ಟಿಗೆಯ ಮೊಳೆ ಕಿತ್ತವನು ಹೊಗೆ ಚಿಕ್ಕಪ್ಪ. ಹೂದಾನಿ ಎತ್ತಿ ಬೆಳಕಿಗೆ ಹಿಡಿದ. "ಇದ್ಯಾರ ಹೂವೇ? ಒಳ್ಳೇ ಗಾಳೀಲಿ ಅಲ್ಲಾಡ್ತಾ ಇರೋ ಹಾಗಿದೆ" ಎಂದ. ಚಿಕ್ಕವಳದ್ದು ಎಂದೆ. ಒಂದು ಸುತ್ತು ತಿರುಗಿಸಿ ಹುಡುಕಿದ. "ನಿಂದೆಲ್ಲಿ? ಇಲ್ಲೇ ಇತ್ತಲ್ಲ. ಯಾರೇ ಇದನ್ನ ಮುಚ್ಚಿದ್ದು?" ಎಂದು ಇಡೀ ಕೆಲಸದ ಮನೆಗೆ ಕೇಳುವಂತೆ ಗದರಿದ. ಕೆಲಸದವರೆಲ್ಲ ಕುಂಚ ಎತ್ತಿ ಹಿಡಿದು ನನ್ನನ್ನೇ ನೋಡಿದರು.

"ನಾನೇ ಮುಚ್ಚಿದ್ದು" ಎಂದೆ.

ನಿನ್ನ,
ಅಕ್ಕ